ಹೊಟ್ಟೆ ತೆರೆದು ಬಿಟ್ಟ ರೋಗಿಯ ಆರೈಕೆ: ಡ್ಯಾಮೇಜ್ ಕಂಟ್ರೋಲ್ ಸರ್ಜರಿಯ ರಾತ್ರಿಯಿಂದ ಹೊಟ್ಟೆ ಮುಚ್ಚುವ ದಿನದವರೆಗೆ

ರಾತ್ರಿ ಎರಡು ಗಂಟೆ. ಟ್ರ್ಯಾಕ್ಟರ್ ಮಗುಚಿ ಟ್ರೇಲರ್ ಅಡಿ ಸಿಕ್ಕಿಕೊಂಡಿದ್ದ ಮೂವತ್ತರ ಆಸುಪಾಸಿನ ರೈತ ಓಟಿಯಿಂದ ಐಸಿಯುಗೆ ಬರುತ್ತಾನೆ. ಯಕೃತ್ತು ಸೀಳಿದೆ, ಸಣ್ಣ ಕರುಳು ಎರಡು ಕಡೆ ಹರಿದಿದೆ. ಯಕೃತ್ತಿನ ಸುತ್ತ ಮಾಪ್ (ರಕ್ತ ಹೀರುವ ದಪ್ಪ ಬಟ್ಟೆ) ಒತ್ತಿ ಇಟ್ಟಿದ್ದಾರೆ. ಹರಿದ ಕರುಳಿನ ತುದಿಗಳನ್ನು ಸ್ಟೇಪ್ಲರ್‌ನಿಂದ ಮುಚ್ಚಿ, ಜೋಡಿಸದೆ ಹಾಗೇ ಒಳಗೆ ಬಿಟ್ಟಿದ್ದಾರೆ. ಹೊಟ್ಟೆಗೆ ಹೊಲಿಗೆ ಇಲ್ಲ, ಪ್ಲಾಸ್ಟಿಕ್ ಹೊದಿಕೆ ಮಾತ್ರ. ಹೊಸದಾಗಿ ಸೇರಿದ ಸಿಸ್ಟರ್ ಬೆಡ್‌ಶೀಟ್ ಸರಿಸಿ ನೋಡಿದರೆ ಪ್ಲಾಸ್ಟಿಕ್ ಕೆಳಗೆ ಕರುಳು ಮೆಲ್ಲಗೆ ಮಿಸುಕಾಡುತ್ತಿದೆ. ಆಪರೇಷನ್ ಅರ್ಧಕ್ಕೇ ನಿಲ್ಲಿಸಿಬಿಟ್ಟರಾ ಅಂತ ಯಾರಿಗಾದರೂ ಅನ್ನಿಸುತ್ತದೆ.

ಹೌದು, ಬೇಕೆಂದೇ ಅರ್ಧಕ್ಕೆ ನಿಲ್ಲಿಸಿದ್ದು. ಇಂಥ ರೋಗಿಯನ್ನು ನೋಡಿಕೊಳ್ಳುವ ಪಿಜಿ ವಿದ್ಯಾರ್ಥಿಗಳು, ಡ್ಯೂಟಿ ಡಾಕ್ಟರ್‌ಗಳು, ಐಸಿಯು ಸಿಸ್ಟರ್‌ಗಳು ಮತ್ತು ತಾಲೂಕು ಆಸ್ಪತ್ರೆಗಳಲ್ಲಿ ಒಬ್ಬರೇ ಕೇಸ್ ಮಾಡುವ ಸರ್ಜನ್‌ಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ವರ್ಷಗಟ್ಟಲೆ ಇಂಥ ರೋಗಿಗಳ ಪಕ್ಕ ನಿಂತು ನನಗೆ ಗಟ್ಟಿಯಾದ ಮಾತು ಒಂದೇ: ತೆರೆದ ಹೊಟ್ಟೆ ಸಾಲದ ಹಾಗೆ. ಜೀವ ಉಳಿಸಲು ಸಾಲ ಮಾಡಲೇಬೇಕು, ಆದರೆ ಬಡ್ಡಿ ಅದೇ ರಾತ್ರಿಯಿಂದ ಬೆಳೆಯುತ್ತದೆ. ಮುಚ್ಚುವ ಯೋಚನೆ ತೆರೆದು ಬಿಟ್ಟ ಗಳಿಗೆಯಿಂದಲೇ ಶುರುವಾಗಬೇಕು.

ಯಾಕೆ ತೆರೆದು ಬಿಡುತ್ತೇವೆ, ಯಾರಿಗೆ ಬಿಡಬಾರದು

ಕೆರೆ ಏರಿ ಒಡೆದ ರಾತ್ರಿ ಯಾರೂ ಕಲ್ಲು ಕಟ್ಟಡ ಕಟ್ಟಲು ಕೂರುವುದಿಲ್ಲ. ಮರಳು ಚೀಲ ಒಟ್ಟಿ ನೀರು ನಿಲ್ಲಿಸುತ್ತಾರೆ, ಏರಿಯ ಕೆಲಸ ಮಳೆ ನಿಂತ ಮೇಲೆ. ಇಲ್ಲೂ ಅಷ್ಟೇ. ತೀವ್ರವಾಗಿ ರಕ್ತ ಕಳೆದುಕೊಂಡವನ ಮೈ ತಣ್ಣಗಾಗುತ್ತದೆ, ರಕ್ತ ಆಮ್ಲೀಯವಾಗುತ್ತದೆ, ಹೆಪ್ಪುಗಟ್ಟುವ ಶಕ್ತಿ ಹೋಗುತ್ತದೆ. ಒಂದು ಇನ್ನೊಂದನ್ನು ಹೆಚ್ಚಿಸುತ್ತಾ ಹೋಗುವ ಈ ಮೂರರ ಕೂಟವನ್ನೇ ಮಾರಕ ತ್ರಿಕೋನ ಅನ್ನುತ್ತೇವೆ. ಮೈಯ ಬಿಸಿ 35 ಡಿಗ್ರಿಗಿಂತ ಕೆಳಗೆ, ಪಿಎಚ್ 7.2ಕ್ಕಿಂತ ಕೆಳಗೆ ಇಳಿದು, ಸೂಜಿ ಚುಚ್ಚಿದಲ್ಲೆಲ್ಲಾ ರಕ್ತ ಒಸರುತ್ತಿದ್ದರೆ ಆ ಹೊತ್ತಿನಲ್ಲಿ ಕರುಳು ಜೋಡಿಸುವುದು ಚಂದದ ಕೆಲಸವೇ ಇರಬಹುದು, ರೋಗಿ ಮಾತ್ರ ಟೇಬಲ್ ಮೇಲೇ ಹೋಗುತ್ತಾನೆ.

ಯಕೃತ್ತಿಗೆ ಬಟ್ಟೆ ಒತ್ತಿ ರಕ್ತ ನಿಲ್ಲಿಸುವ ವಿಧಾನವನ್ನು ಪ್ರಿಂಗಲ್ 1908ರಲ್ಲೇ ಬರೆದಿದ್ದರು. 1983ರಲ್ಲಿ ಅಟ್ಲಾಂಟಾದ ಹಾರ್ಲನ್ ಸ್ಟೋನ್ ತಂಡ 31 ರೋಗಿಗಳ ಲೆಕ್ಕ ಕೊಟ್ಟಿತು. ರಕ್ತ ಹೆಪ್ಪುಗಟ್ಟುವುದು ನಿಂತ ಮೇಲೂ ಪೂರ್ತಿ ಆಪರೇಷನ್ ಮಾಡಿಸಿಕೊಂಡ 14 ಜನರಲ್ಲಿ ಉಳಿದದ್ದು ಒಬ್ಬ. ಅರ್ಧಕ್ಕೆ ನಿಲ್ಲಿಸಿ, ಮಾಪ್ ಒತ್ತಿ ಹೊರಬಂದ 17 ಜನರಲ್ಲಿ 11 ಮಂದಿ ಉಳಿದರು. ಅದಕ್ಕೆ ಡ್ಯಾಮೇಜ್ ಕಂಟ್ರೋಲ್ ಅನ್ನುವ ಹೆಸರು ನಿಂತದ್ದು 1993ರಲ್ಲಿ, ಫಿಲಡೆಲ್ಫಿಯಾದ ರೊಟೊಂಡೊ ಮತ್ತು ಷ್ವಾಬ್ ಅವರ ಲೇಖನದಿಂದ. ನೌಕಾಪಡೆಯ ಮಾತು ಅದು: ಏಟು ಬಿದ್ದ ಹಡಗನ್ನು ಮುಳುಗದ ಹಾಗೆ ದಡ ಮುಟ್ಟಿಸುವುದು.

ಒಂದು ಎಚ್ಚರಿಕೆ. ಬಿಸಿ ಸರಿ ಇದ್ದು, ರಕ್ತ ಹೆಪ್ಪುಗಟ್ಟುತ್ತಿದ್ದು, ಕರುಳು ಊದಿಕೊಳ್ಳದೆ ಹೊಟ್ಟೆ ಸಲೀಸಾಗಿ ಮುಚ್ಚುತ್ತದೆ ಎಂದಾದರೆ ಮುಚ್ಚಿಬಿಡಿ. 'ನಾಳೆ ಒಂದು ಸಲ ನೋಡಿದರೆ ಒಳ್ಳೆಯದಲ್ವಾ ಸರ್' ಅನ್ನುವ ಒಂದೇ ಕಾರಣಕ್ಕೆ ತೆರೆದು ಬಿಟ್ಟ ಹೊಟ್ಟೆಗಳನ್ನೂ ನೋಡಿದ್ದೇನೆ. ಆ ಸಾಲ ಬೇಕಿರಲಿಲ್ಲ.

ಮೊದಲ ಹೆಜ್ಜೆ: ಓಟಿಯಲ್ಲೇ ಸರಿಯಾಗಿ ಹೊದಿಸುವುದು

ಮುಂದಿನ ಒಂದು ವಾರದ ಹಣೆಬರಹ ಬಹುಮಟ್ಟಿಗೆ ಇಲ್ಲೇ ನಿರ್ಧಾರವಾಗುತ್ತದೆ. ಹೊದಿಕೆ ಮೂರು ಕೆಲಸ ಮಾಡಬೇಕು: ಕರುಳಿಗೆ ಒರಟಾದ ಯಾವುದೂ ತಾಗದಂತೆ ಕಾಯಬೇಕು, ಒಸರುವ ನೀರನ್ನು ಹೊರಗೆ ತೆಗೆಯಬೇಕು, ಹೊಟ್ಟೆಗೋಡೆಯ ಅಂಚುಗಳು ಪಕ್ಕಕ್ಕೆ ಸರಿದು ಹೋಗದಂತೆ ಹಿಡಿಯಬೇಕು.

ಅತಿ ಸರಳವಾದದ್ದು ಬೊಗೊಟಾ ಬ್ಯಾಗ್. 1984ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಆಗಿನ್ನೂ ತರಬೇತಿಯಲ್ಲಿದ್ದ ಒಸ್ವಾಲ್ಡೊ ಬೊರ್ರಾಯೆಜ್ ಸಲೈನ್ ಚೀಲವನ್ನೇ ಕತ್ತರಿಸಿ ಹೊಟ್ಟೆಗೆ ಹೊಲಿದರು. ನಮ್ಮಲ್ಲಿ ಸ್ಟೆರೈಲ್ ಯೂರೋಬ್ಯಾಗ್ (ಮೂತ್ರ ಸಂಗ್ರಹಿಸುವ ಚೀಲ) ಬಿಡಿಸಿ ಅದನ್ನೇ ಮಾಡುತ್ತೇವೆ. ಹೊಲಿಯುವುದಾದರೆ ಚರ್ಮಕ್ಕೆ ಹೊಲಿಯಿರಿ, ಹೊಟ್ಟೆಗೋಡೆಯ ಗಟ್ಟಿ ಪೊರೆಯಾದ ಫ್ಯಾಸಿಯಾಕ್ಕೆ ಬೇಡ. ಫ್ಯಾಸಿಯಾದ ಅಂಚು ಕೊನೆಯ ದಿನಕ್ಕೆ ಕಾಯ್ದಿಡಬೇಕಾದ ಬಂಡವಾಳ. ಇವತ್ತು ಹತ್ತು ತೂತು ಮಾಡಿದರೆ ಅವತ್ತು ಹರಿದು ಬರುತ್ತದೆ. ಈ ಬ್ಯಾಗ್ ಅಗ್ಗ, ಐದು ನಿಮಿಷದ ಕೆಲಸ, ಒಳಗಿನ ಕರುಳಿನ ಬಣ್ಣ ಕಣ್ಣಿಗೆ ಕಾಣುತ್ತದೆ. ಆದರೆ ನೀರು ತೆಗೆಯುವುದಿಲ್ಲ, ಅಂಚುಗಳನ್ನು ಹಿಡಿಯುವುದೂ ಇಲ್ಲ. ಮೊದಲ ರಾತ್ರಿಗೆ ಸರಿ, ಒಂದು ವಾರಕ್ಕಲ್ಲ.

ಕಂಪನಿಯ ನೆಗೆಟಿವ್ ಪ್ರೆಷರ್ ಕಿಟ್ ಇದ್ದರೆ ಒಳ್ಳೆಯದು, ಸಾಮಾನ್ಯವಾಗಿ 125 ಮಿ.ಮೀ. ಪಾದರಸದಷ್ಟು ಹೀರುವಂತೆ ಇಡುತ್ತೇವೆ. ಇಲ್ಲದಿದ್ದರೆ ವ್ಯಾಕ್ಯೂಮ್ ಪ್ಯಾಕ್ ಅನ್ನು ಕೈಯಾರೆ ಮಾಡಬಹುದು. ಅಮೆರಿಕದ ಟೆನೆಸ್ಸಿಯ ಬಾರ್ಕರ್ ತಂಡ ಬಳಕೆಗೆ ತಂದ ಈ ವಿಧಾನವನ್ನು ನಾನು ಮಾಡುವ ಹಾಗೇ ಹೇಳುತ್ತೇನೆ.

ದೊಡ್ಡ ಸ್ಟೆರೈಲ್ ಪ್ಲಾಸ್ಟಿಕ್ ಶೀಟ್ ತೆಗೆದುಕೊಂಡು ಟ್ರಾಲಿಯ ಮೇಲೆ ಹರಡಿ. ಬ್ಲೇಡಿನ ತುದಿಯಿಂದ ಎರಡು ಮೂರು ಸೆಂಟಿಮೀಟರ್‌ಗೊಂದರಂತೆ ಸಣ್ಣ ಸಣ್ಣ ಸೀಳು ಮಾಡಿ, ನೀರು ಮೇಲೆ ಬರಲು ಅದೇ ದಾರಿ. ಒಮೆಂಟಮ್ (ಕರುಳಿನ ಮುಂದೆ ಇಳಿಬಿದ್ದಿರುವ ಕೊಬ್ಬಿನ ಪೊರೆ) ಉಳಿದಿದ್ದರೆ ಮೊದಲು ಅದನ್ನು ಕರುಳಿನ ಮೇಲೆ ಎಳೆದು ಹೊದಿಸಿ. ಅದಕ್ಕಿಂತ ಒಳ್ಳೆಯ ಹೊದಿಕೆ ಯಾವ ಕಂಪನಿಯೂ ಮಾಡಿಲ್ಲ. ಅದರ ಮೇಲೆ ಪ್ಲಾಸ್ಟಿಕ್ ಹಾಸಿ, ಅಂಚನ್ನು ಹೊಟ್ಟೆಗೋಡೆಯ ಅಡಿಗೆ, ಎರಡೂ ಪಕ್ಕೆಗಳ ಆಳದವರೆಗೆ ಬೆರಳಿನಿಂದ ತಳ್ಳುತ್ತಾ ಸುತ್ತ ಬನ್ನಿ. ಹೊಸಬರು ಎಡವುವುದು ಇಲ್ಲೇ. ಶೀಟನ್ನು ಗಾಯದ ಅಳತೆಗೆ ಕತ್ತರಿಸಿ ಮೇಲೆ ಮಾತ್ರ ಇಡುತ್ತಾರೆ. ಹಾಗೆ ಮಾಡಿದರೆ ನಾಲ್ಕೈದು ದಿನದಲ್ಲಿ ಕರುಳು ಪಕ್ಕದ ಗೋಡೆಗೆ ಅಂಟಿಕೊಳ್ಳುತ್ತದೆ. ಅಂಟಿಕೊಂಡ ಗೋಡೆಯನ್ನು ಆಮೇಲೆ ಎಷ್ಟು ಎಳೆದರೂ ನಡುವಿಗೆ ಬರುವುದಿಲ್ಲ. ಪ್ಲಾಸ್ಟಿಕ್ ಆ ಆಳಕ್ಕೆ ಹೋಗಬೇಕಾದದ್ದು ಇದಕ್ಕೇ.

ಪ್ಲಾಸ್ಟಿಕ್ ಮೇಲೆ ಸಲೈನ್‌ನಲ್ಲಿ ಅದ್ದಿ ಹಿಂಡಿದ ಸ್ಟೆರೈಲ್ ಟವೆಲ್, ಅದರ ಮೇಲೆ ಉದ್ದಕ್ಕೆ ಎರಡು ಡ್ರೇನ್ (ನೀರು ಹೀರುವ ಟ್ಯೂಬ್), ಡ್ರೇನ್ ಮೇಲೆ ಇನ್ನೊಂದು ಟವೆಲ್. ಸುತ್ತಲಿನ ಚರ್ಮವನ್ನು ಒಣ ಗಾಜ್‌ನಿಂದ ಚೆನ್ನಾಗಿ ಒರೆಸಿ. ಚರ್ಮ ಒದ್ದೆ ಇದ್ದರೆ ಅಂಟು ಹಿಡಿಯುವುದಿಲ್ಲ, ಬೆಳಗಿನ ಜಾವ ನಾಲ್ಕಕ್ಕೆ ಸಿಸ್ಟರ್ ಫೋನ್ ಬಂದೇ ಬರುತ್ತದೆ. ಕೊನೆಗೆ ದೊಡ್ಡ ಅಂಟು ಡ್ರೇಪ್ (ಅಂಟುವ ಪ್ಲಾಸ್ಟಿಕ್ ಹಾಳೆ). ಸಕ್ಷನ್ ಕೊಟ್ಟ ತಕ್ಷಣ ಟವೆಲ್ ಕುಗ್ಗಿ ಗಟ್ಟಿಯಾದರೆ ಸೀಲ್ ಸರಿಯಾಗಿದೆ ಎಂದರ್ಥ. 100ರಿಂದ 150 ಮಿ.ಮೀ. ಪಾದರಸ ಸಾಕು. ಗೋಡೆಯ ಸಕ್ಷನ್‌ಗೆ ನೇರವಾಗಿ ಜೋಡಿಸಬೇಡಿ, ನಡುವೆ ಮೀಟರ್ ಇರುವ ರೆಗ್ಯುಲೇಟರ್ ಇರಲಿ. ರಕ್ತ ಇನ್ನೂ ಒಸರುತ್ತಿರುವ ರೋಗಿಯಲ್ಲಿ ಕಡಿಮೆ ಒತ್ತಡದಿಂದ ಶುರು ಮಾಡಿ.

ಗಾಜ್ ಆಗಲಿ, ಸ್ಪಾಂಜ್ ಆಗಲಿ, ಪ್ರೋಲೀನ್ ಮೆಶ್ (ಕರಗದ ದಾರದ ಬಲೆ) ಆಗಲಿ ಕರುಳಿಗೆ ನೇರವಾಗಿ ಯಾವತ್ತೂ ತಾಗಬಾರದು.

ಓಟಿ ನೋಟ್: ಒಂದು ಸಾಲು ಬಿಟ್ಟರೆ

ಒಮ್ಮೆ ಒಬ್ಬ ರೋಗಿ ಬೇರೊಂದು ಕಡೆಯಿಂದ ನಮ್ಮಲ್ಲಿಗೆ ಬಂದ. ಚೀಟಿಯಲ್ಲಿ 'ಯಕೃತ್ತಿಗೆ ಪ್ಯಾಕಿಂಗ್ ಮಾಡಲಾಗಿದೆ' ಎಂದಷ್ಟೇ ಇತ್ತು. ಎಷ್ಟು ಮಾಪ್? ಫೋನ್ ಮಾಡಿದರೆ ಆ ಡ್ಯೂಟಿಯವರು ಮನೆಗೆ ಹೋಗಿದ್ದರು. ನಾವು ತೆಗೆದದ್ದು ಐದು. ಇನ್ನೊಂದಿದೆಯೇ ಎಂದು ಯಾರಿಗೂ ಗೊತ್ತಿಲ್ಲ. ಟೇಬಲ್ ಮೇಲೇ ಎಕ್ಸ್‌ರೇ ತೆಗೆಸಿ, ಒಮೆಂಟಮ್ ಹಿಂದೆ ಮಡಚಿ ಕೂತಿದ್ದ ಆರನೆಯದನ್ನು ಹುಡುಕುವ ಹೊತ್ತಿಗೆ ಅರ್ಧ ಗಂಟೆ ಕಳೆದಿತ್ತು.

ಹಾಗಾಗಿ ನೋಟ್‌ನಲ್ಲಿ ಇವು ಇರಲೇಬೇಕು: ಎಷ್ಟು ಮಾಪ್, ಎಲ್ಲೆಲ್ಲಿ, ಕರುಳು ಎಲ್ಲಿ ಕತ್ತರಿಸಿದೆ, ಜೋಡಿಸಿದೆಯೋ ಇಲ್ಲವೋ, ಯಾವ ರಕ್ತನಾಳ ಕಟ್ಟಿದೆ, ಹೊದಿಕೆ ಯಾವುದು, ಮತ್ತೆ ಯಾವಾಗ ಒಳಗೆ ಹೋಗಬೇಕು. ಮಾಪ್ ಸಂಖ್ಯೆಯನ್ನು ಡ್ರೇಪಿನ ಮೇಲೂ ಮಾರ್ಕರ್‌ನಲ್ಲಿ ಬರೆಯಿರಿ. ಕೇಸ್ ಶೀಟ್ ಕಳೆದರೂ ಹೊಟ್ಟೆ ಕಳೆಯುವುದಿಲ್ಲ.

ತಾಲೂಕು ಆಸ್ಪತ್ರೆಯಲ್ಲಿ ಎರಡೇ ಬಾಟಲಿ ರಕ್ತ ಇಟ್ಟುಕೊಂಡು ಒಬ್ಬರೇ ನಿಂತಿರುವ ಸರ್ಜನ್‌ಗೆ ಇಲ್ಲೊಂದು ಮಾತು. ಮಾಪ್ ಒತ್ತಿ, ಕರುಳಿನ ಸೋರಿಕೆ ಕಟ್ಟಿ, ಯೂರೋಬ್ಯಾಗ್ ಹೊಲಿದು 108ರಲ್ಲಿ ಜಿಲ್ಲಾಸ್ಪತ್ರೆಗೋ ಮೆಡಿಕಲ್ ಕಾಲೇಜಿಗೋ ಕಳಿಸುವುದು ಸೋಲಲ್ಲ, ಅದೇ ಸರಿಯಾದ ಆಪರೇಷನ್. ರೋಗಿ ಹೊರಡುವ ಮೊದಲು ಅಲ್ಲಿನ ಸರ್ಜನ್‌ಗೆ ನೀವೇ ಫೋನ್ ಮಾಡಿ ಮಾತಾಡಿ. ರೋಗಿಯನ್ನು ಬೆಚ್ಚಗೆ ಹೊದಿಸಿ ಕಳಿಸಿ.

ಎರಡನೇ ಹೆಜ್ಜೆ: ಐಸಿಯುವಿನ ಮೊದಲ 24 ಗಂಟೆ

ಇಲ್ಲಿ ಮಾಡುವುದು ಒಂದೇ ಕೆಲಸ, ಆ ತ್ರಿಕೋನವನ್ನು ಮುರಿಯುವುದು.

ಬಿಸಿ ಮೊದಲು. ಒದ್ದೆ ಬಟ್ಟೆ ತೆಗೆಯಿರಿ, ಎಸಿ ಕಡಿಮೆ ಮಾಡಿ, ವಾರ್ಮರ್ ಹೊದಿಸಿ, ತಲೆಗೂ ಬಟ್ಟೆ ಸುತ್ತಿ. ರಕ್ತ ಬ್ಲಡ್ ಬ್ಯಾಂಕಿನ ಫ್ರಿಜ್‌ನಿಂದ 4 ಡಿಗ್ರಿಯಷ್ಟು ತಣ್ಣಗಿರುತ್ತದೆ. ಲೈನ್ ವಾರ್ಮರ್ ಮೂಲಕವೇ ಹೋಗಲಿ. ರಕ್ತದ ಚೀಲವನ್ನು ಬಿಸಿನೀರಿನಲ್ಲಿ ಅದ್ದುವುದು, ಮೈಕ್ರೋವೇವ್‌ನಲ್ಲಿ ಇಡುವುದು ಬೇಡವೇ ಬೇಡ, ರಕ್ತಕಣ ಒಡೆಯುತ್ತವೆ. ಗುರಿ 36 ಡಿಗ್ರಿಗಿಂತ ಮೇಲೆ.

ರಕ್ತ ಕೊಡುವಾಗ ಕೆಂಪು ರಕ್ತ, ಎಫ್‌ಎಫ್‌ಪಿ (ಪ್ಲಾಸ್ಮಾ), ಪ್ಲೇಟ್‌ಲೆಟ್ ಮೂರೂ ಸಮಸಮವಾಗಿ ಹೋಗುವಂತೆ ನೋಡಿ. ನಾಲ್ಕು ಬಾಟಲಿ ಕೆಂಪು ರಕ್ತ ಕೊಟ್ಟಾದ ಮೇಲೆ ಎಫ್‌ಎಫ್‌ಪಿ ನೆನಪಾಗುವುದು ತಡವಾದ ನೆನಪು. ಹೆಪ್ಪು ಕರಗದಂತೆ ತಡೆಯುವ ಟ್ರಾನೆಕ್ಸಾಮಿಕ್ ಆಸಿಡ್ ಪೆಟ್ಟು ಬಿದ್ದ ಮೂರು ಗಂಟೆಯೊಳಗೆ ಶುರುವಾಗಿರಬೇಕು: 1 ಗ್ರಾಂ ಹತ್ತು ನಿಮಿಷದಲ್ಲಿ, ಇನ್ನೊಂದು ಗ್ರಾಂ ಎಂಟು ಗಂಟೆಯಲ್ಲಿ. 2010ರ ಕ್ರ್ಯಾಶ್-2 ಅಧ್ಯಯನ ಮತ್ತು ಅದರ 2011ರ ಮರುವಿಶ್ಲೇಷಣೆ ತೋರಿಸಿದ್ದು ಇದನ್ನೇ. ಮೂರು ಗಂಟೆ ದಾಟಿದ ಮೇಲೆ ಹೊಸದಾಗಿ ಶುರು ಮಾಡಬೇಡಿ. ರಕ್ತದ ಚೀಲದಲ್ಲಿರುವ ಸಿಟ್ರೇಟ್ ಕ್ಯಾಲ್ಸಿಯಂ ತಿನ್ನುತ್ತದೆ. ಎಬಿಜಿ (ರಕ್ತದ ಅನಿಲ ಪರೀಕ್ಷೆ) ಮಾಡಿದಾಗೆಲ್ಲ ಅಯೊನೈಸ್ಡ್ ಕ್ಯಾಲ್ಸಿಯಂ ಕಡೆ ಕಣ್ಣು ಹಾಯಿಸಿ, 1.1 ಮಿಲಿಮೋಲ್‌ಗಿಂತ ಕೆಳಗಿದ್ದರೆ ಕೊಡಿ.

ಇನ್ನು ಸಲೈನ್. ಬಿಪಿ ಇಳಿದಾಗಲೆಲ್ಲ ಒಂದೊಂದು ಬಾಟಲಿ ಓಡಿಸುವುದು ನಮ್ಮೆಲ್ಲರ ಹಳೆಯ ಅಭ್ಯಾಸ. ಆ ನೀರು ಹೋಗಿ ಕೂರುವುದು ಕರುಳಿನ ಗೋಡೆಯಲ್ಲಿ. ಊದಿದ ಕರುಳು ಹೊಟ್ಟೆಯೊಳಗೆ ಹಿಡಿಸುವುದಿಲ್ಲ, ಹೊಟ್ಟೆ ಮುಚ್ಚುವ ದಿನ ಮುಂದಕ್ಕೆ ಹೋಗುತ್ತದೆ. ರಕ್ತಸ್ರಾವ ನಿಂತು, ಲ್ಯಾಕ್ಟೇಟ್ (ಅಂಗಾಂಶಕ್ಕೆ ರಕ್ತ ಸಾಲದಾಗ ಏರುವ ಆಮ್ಲ) ಇಳಿಯತೊಡಗಿದ ಮೇಲೆ ಕೈ ಬಿಗಿ ಹಿಡಿಯಿರಿ. ದಿನದ ಕೊನೆಗೆ ಇನ್‌ಪುಟ್-ಔಟ್‌ಪುಟ್ ಚಾರ್ಟ್ ಕೂಡಿಸುವಾಗ ಹೊಟ್ಟೆಯ ಡ್ರೇನ್‌ನ ಲೆಕ್ಕವನ್ನೂ ಸೇರಿಸಿ.

ಮೂರನೇ ಹೆಜ್ಜೆ: ಹೊಟ್ಟೆಯೊಳಗಿನ ಒತ್ತಡ ಅಳೆಯುವುದು

'ಹೊಟ್ಟೆ ತೆರೆದೇ ಇದೆಯಲ್ಲ ಸರ್, ಒತ್ತಡ ಎಲ್ಲಿಂದ ಬರುತ್ತೆ?' ಪ್ರತಿ ವರ್ಷ ಹೊಸ ಪಿಜಿಗಳು ಕೇಳುವ ಪ್ರಶ್ನೆ. ಬರುತ್ತದೆ. ಮಾಪ್‌ಗಳಿವೆ, ಊದಿದ ಕರುಳಿದೆ, ರಕ್ತ ಶೇಖರವಾಗಬಹುದು, ಮೇಲಿನ ಡ್ರೇಪ್ ಬಿಗಿಯಾಗಿರಬಹುದು. ತೆರೆದ ಹೊಟ್ಟೆಯಲ್ಲೂ ಕಂಪಾರ್ಟ್‌ಮೆಂಟ್ ಸಿಂಡ್ರೋಮ್ (ಒಳಗಿನ ಒತ್ತಡ ಏರಿ ಅಂಗಗಳು ಕೆಲಸ ನಿಲ್ಲಿಸುವುದು) ಆಗುತ್ತದೆ, ಯಾರೂ ನಿರೀಕ್ಷಿಸದ ಕಾರಣಕ್ಕೆ ತಡವಾಗಿ ಗೊತ್ತಾಗುತ್ತದೆ.

ಅಳೆಯಲು ದೊಡ್ಡ ಯಂತ್ರ ಬೇಡ. ರೋಗಿ ಅಂಗಾತ ಮಲಗಿರಲಿ, ತಲೆದಿಂಬಿನ ಎತ್ತರ ಇಳಿಸಿ. ಫೋಲೀಸ್ ಕ್ಯಾತಿಟರ್ ಮೂಲಕ ಮೂತ್ರಕೋಶಕ್ಕೆ 25 ಮಿ.ಲೀ. ಸ್ಟೆರೈಲ್ ಸಲೈನ್ ಬಿಡಿ, ಅದಕ್ಕಿಂತ ಹೆಚ್ಚು ಬೇಡ. ಅರ್ಧದಿಂದ ಒಂದು ನಿಮಿಷ ಕಾಯಿರಿ. ಟ್ರಾನ್ಸ್‌ಡ್ಯೂಸರ್ ಇದ್ದರೆ ಕಂಕುಳಿನ ನಡುಗೆರೆ ಸೊಂಟದ ಮೂಳೆಯ ಮಟ್ಟಕ್ಕೆ ಬರುವಲ್ಲಿ ಸೊನ್ನೆ ಮಾಡಿ. ಇಲ್ಲದಿದ್ದರೆ ಪಾರದರ್ಶಕ ಟ್ಯೂಬನ್ನು ಅದೇ ಮಟ್ಟದಿಂದ ನೆಟ್ಟಗೆ ಮೇಲಕ್ಕೆ ಹಿಡಿದು, ಒಳಗಿನ ನೀರು ಎಷ್ಟು ಎತ್ತರದಲ್ಲಿ ನಿಂತು ಉಸಿರಿನ ಜತೆ ಏರಿಳಿಯುತ್ತದೆ ನೋಡಿ. ಉಸಿರು ಬಿಟ್ಟ ಕೊನೆಯ ಗಳಿಗೆಯ ಎತ್ತರವೇ ಲೆಕ್ಕ. ರೋಗಿ ಕೆಮ್ಮುತ್ತಿದ್ದರೆ, ಹೊಟ್ಟೆ ಬಿಗಿ ಹಿಡಿದಿದ್ದರೆ ಆ ಅಳತೆಯನ್ನು ಬರೆಯಬೇಡಿ.

ಸೆಂಟಿಮೀಟರ್ ನೀರಿನ ಎತ್ತರವನ್ನು 1.36ರಿಂದ ಭಾಗಿಸಿದರೆ ಮಿ.ಮೀ. ಪಾದರಸ ಸಿಗುತ್ತದೆ. ಟ್ಯೂಬಿನಲ್ಲಿ 27 ಸೆಂಟಿಮೀಟರ್ ಕಂಡರೆ ಸುಮಾರು 20. ಐಸಿಯು ರೋಗಿಯಲ್ಲಿ 5ರಿಂದ 7 ಸಹಜ. 12 ದಾಟಿದರೆ ಒತ್ತಡ ಏರಿದೆ ಎಂದೇ ಅರ್ಥ. 20 ದಾಟಿ, ಜತೆಗೆ ಮೂತ್ರ ನಿಲ್ಲುವುದೋ, ವೆಂಟಿಲೇಟರ್ ಒತ್ತಡ ಏರುವುದೋ, ಬಿಪಿ ಕುಸಿಯುವುದೋ ಹೊಸದಾಗಿ ಶುರುವಾಗಿದ್ದರೆ ಅದು ಕಂಪಾರ್ಟ್‌ಮೆಂಟ್ ಸಿಂಡ್ರೋಮ್. ಸರಾಸರಿ ಬಿಪಿಯಿಂದ ಈ ಅಂಕಿ ಕಳೆದಾಗ ಉಳಿಯುವುದು 60ಕ್ಕಿಂತ ಮೇಲಿರಬೇಕು. ನಾಲ್ಕರಿಂದ ಆರು ಗಂಟೆಗೊಮ್ಮೆ ಅಳೆದು ಚಾರ್ಟಿನಲ್ಲಿ ಬರೆಯಿರಿ. ಕಿಬ್ಬೊಟ್ಟೆಯ ಆಳದಲ್ಲಿ ಮಾಪ್ ಇಟ್ಟಿದ್ದರೆ ಅವು ಮೂತ್ರಕೋಶವನ್ನೇ ಒತ್ತುತ್ತವೆ. ಅಂಥಲ್ಲಿ ಒಂದು ಅಂಕಿಗಿಂತ ಅಂಕಿ ಏರುತ್ತಿದೆಯೇ ಅನ್ನುವುದು ಮುಖ್ಯ.

ಏರುತ್ತಿದ್ದರೆ ರೈಲ್ಸ್ ಟ್ಯೂಬ್ (ಮೂಗಿನಿಂದ ಜಠರಕ್ಕೆ ಹಾಕಿದ ಟ್ಯೂಬ್) ಕೆಲಸ ಮಾಡುತ್ತಿದೆಯೇ, ನೋವು ಮತ್ತು ಸೆಡೇಷನ್ ಸರಿ ಇದೆಯೇ, ಡ್ರೇನ್ ಕಟ್ಟಿಕೊಂಡಿದೆಯೇ ನೋಡಿ. ಆಗಲೂ ಇಳಿಯದಿದ್ದರೆ ಡ್ರೇಪ್ ಕತ್ತರಿಸಿ ಸಡಿಲ ಮಾಡಿ, ಬೆಡ್ ಪಕ್ಕದಲ್ಲೇ ಆದರೂ ಸರಿ. ಸರ್ಜನ್‌ಗೆ ಫೋನ್ ಮಾಡಿದ ಮೇಲೆ ಬೆಳಗಾಗಲಿ ಎಂದು ಕಾಯಬೇಡಿ.

ಹಾಸಿಗೆಯ ಪಕ್ಕದ ದಿನಚರಿ

ಡ್ರೇನ್‌ನಲ್ಲಿ ಬರುವುದನ್ನು ಅಳೆಯುವುದರ ಜತೆ ಬಣ್ಣವನ್ನೂ ನೋಡಿ. ತಿಳಿಗೆಂಪು ನೀರು ನಿರೀಕ್ಷಿತವೇ, ದಿನಕ್ಕೆ ಒಂದು ಲೀಟರ್ ಮೀರಿದರೂ ಗಾಬರಿ ಬೇಡ. ಗಂಟೆಗೆ 100 ಮಿ.ಲೀ. ಮೀರಿ ಹೊಸ ರಕ್ತ ಬರುತ್ತಿದ್ದರೆ ಕರೆ ಮಾಡಿ. ಹಸಿರು, ಹಳದಿ ಅಥವಾ ಮಲದ ವಾಸನೆ ಬಂದರೆ ಪ್ರಮಾಣ ಎಷ್ಟೇ ಇರಲಿ, ಕರೆ ಮಾಡಿ.

ಆ ನೀರಿನಲ್ಲಿ ಪ್ರೋಟೀನ್ ಹರಿದು ಹೋಗುತ್ತದೆ. ಲೀಟರ್‌ಗೆ ಸುಮಾರು 2 ಗ್ರಾಂ ನೈಟ್ರೋಜನ್, ಅಂದರೆ ಹನ್ನೆರಡು ಹದಿಮೂರು ಗ್ರಾಂ ಪ್ರೋಟೀನ್. ಎರಡು ಮೊಟ್ಟೆಯಷ್ಟು. ದಿನಕ್ಕೆ ಒಂದೂವರೆ ಲೀಟರ್ ಹೋದರೆ ಮೂರು ಮೊಟ್ಟೆ. ದಿನದ ಲೆಕ್ಕಕ್ಕೆ ಇದನ್ನು ಮೇಲಿಂದ ಸೇರಿಸಬೇಕು; ಡಯಟಿಷಿಯನ್‌ಗೆ ಡ್ರೇನ್ ಚಾರ್ಟ್ ತೋರಿಸಿ. ಹೊಟ್ಟೆ ತೆರೆದಿದೆ ಎಂದು ಫೀಡ್ ನಿಲ್ಲಿಸುವ ಅಗತ್ಯವಿಲ್ಲ. ಕರುಳಿಗೆ ಪೆಟ್ಟಿಲ್ಲದಿದ್ದರೆ, ಬಿಪಿ ಹತೋಟಿಗೆ ಬಂದ ಮೇಲೆ 24ರಿಂದ 48 ಗಂಟೆಯೊಳಗೆ ಟ್ಯೂಬ್ ಫೀಡ್ ಶುರು ಮಾಡಿ, ಗಂಟೆಗೆ 10–20 ಮಿ.ಲೀ. ಸಾಕು. ಕರುಳನ್ನು ಕತ್ತರಿಸಿ ಜೋಡಿಸದೆ ಬಿಟ್ಟಿದ್ದರೆ ಮಾತ್ರ ಜೋಡಿಸುವವರೆಗೆ ಹೊಟ್ಟೆಗೆ ಏನೂ ಬೇಡ. ಓಟಿ ನೋಟ್‌ನ ಆ ಸಾಲು ಈಗ ಕೆಲಸಕ್ಕೆ ಬಂತು ನೋಡಿ.

ಆಂಟಿಬಯೋಟಿಕ್ ಬಗ್ಗೆ: ಹೊಟ್ಟೆ ತೆರೆದಿರುವುದೇ ಅದನ್ನು ಮುಂದುವರಿಸಲು ಕಾರಣವಲ್ಲ. ಸೋಂಕು ಇಲ್ಲದಿದ್ದರೆ 24 ಗಂಟೆಗೆ ನಿಲ್ಲಿಸಿ. ಅಂಗಾತ ಮಲಗಿಸಿಯೇ ಇಡುವುದೂ ಬೇಡ. ಒತ್ತಡ ಅಳೆಯುವ ಹೊತ್ತು ಬಿಟ್ಟರೆ ತಲೆ 30 ಡಿಗ್ರಿ ಎತ್ತರದಲ್ಲಿರಲಿ. ಎರಡು ಗಂಟೆಗೊಮ್ಮೆ ಮಗ್ಗುಲು ತಿರುಗಿಸಲು ಸಿಸ್ಟರ್‌ಗಳು ಹೆದರುತ್ತಾರೆ. ಸೀಲ್ ಸರಿಯಾಗಿದ್ದರೆ ತಿರುಗಿಸಬಹುದು, ತಿರುಗಿಸಲೇಬೇಕು, ಇಲ್ಲವಾದರೆ ಬೆನ್ನಲ್ಲಿ ಹುಣ್ಣು ಬೇರೆ ಸೇರಿಕೊಳ್ಳುತ್ತದೆ. ಎಲ್ಲ ಸ್ಥಿರವಾಗಿದ್ದು ಎಚ್ಚರ ಚೆನ್ನಾಗಿದ್ದರೆ ವೆಂಟಿಲೇಟರ್‌ನಿಂದ ಬಿಡಿಸುವುದೂ ಸಾಧ್ಯ.

ಮನೆಯವರ ಜತೆ ಮಾತು

ಬೆಳಿಗ್ಗೆ ಏಳಕ್ಕೆ ಐಸಿಯು ಬಾಗಿಲಲ್ಲಿ ಅವನ ಹೆಂಡತಿ ನಿಂತಿರುತ್ತಾಳೆ. 'ಡಾಕ್ಟ್ರೇ, ಹೊಟ್ಟೆ ಹೊಲಿದೇ ಇಲ್ವಂತೆ, ಬಿಟ್ಬಿಟ್ರಂತೆ?' ರಾತ್ರಿ ಅಟೆಂಡರ್ ಬಾಯಿಂದ ಕೇಳಿದ್ದು. ಆ ಪ್ರಶ್ನೆಯಲ್ಲಿರುವುದು ಕೋಪವಲ್ಲ, ಭಯ. ಕಾರಿಡಾರ್‌ನಲ್ಲಿ ನಡೆಯುತ್ತಾ ಉತ್ತರಿಸಬೇಡಿ. ಕೂರಿಸಿ, ನೀವೂ ಕೂತುಕೊಳ್ಳಿ. 'ಬಿಟ್ಟಿಲ್ಲಮ್ಮ. ರಕ್ತ ನಿಲ್ಲಿಸೋಕೆ ಒಳಗೆ ಬಟ್ಟೆ ಇಟ್ಟಿದ್ದೀವಿ, ಅದನ್ನ ತೆಗೀಬೇಕು. ಮೈ ಬಿಸಿಯಾಗಿ, ರಕ್ತ ಸರಿಯಾದ್ಮೇಲೆ, ನಾಳೆ ನಾಡಿದ್ದು ಮತ್ತೆ ಒಳಗೆ ಕರ್ಕೊಂಡು ಹೋಗ್ತೀವಿ. ಎರಡು ಮೂರು ಸಲ ಹೋಗಬೇಕಾಗಬಹುದು.' ಇಷ್ಟನ್ನು ಮೊದಲ ದಿನವೇ ಹೇಳಿದರೆ ಎರಡನೇ ಆಪರೇಷನ್‌ನ ಸಹಿ ಕೇಳುವಾಗ ಅನುಮಾನ ಏಳುವುದಿಲ್ಲ. ಮೊದಲ ಸಲ ಅವರು ಒಳಗೆ ಬರುವಾಗ ಹೊಟ್ಟೆಯ ಮೇಲೆ ಶೀಟ್ ಹೊದಿಸಿರಲಿ. ಮುಖ ನೋಡಲಿ, ಕೈ ಹಿಡಿಯಲಿ.

ನಾಲ್ಕನೇ ಹೆಜ್ಜೆ: ಮತ್ತೆ ಓಟಿಗೆ

ಸಾಮಾನ್ಯವಾಗಿ 24ರಿಂದ 48 ಗಂಟೆಯೊಳಗೆ. ಗಡಿಯಾರಕ್ಕಿಂತ ರೋಗಿಯನ್ನು ನೋಡಿ: ಬಿಸಿ ಬಂದಿದೆ, ಲ್ಯಾಕ್ಟೇಟ್ ಇಳಿದಿದೆ, ರಕ್ತ ಹೆಪ್ಪುಗಟ್ಟುವ ಪರೀಕ್ಷೆಯಾದ ಐಎನ್‌ಆರ್ 1.5ರ ಒಳಗಿದೆ, ಬಿಪಿ ಏರಿಸುವ ಔಷಧಿ ಕಡಿಮೆಯಾಗಿದೆ ಎಂದಾದರೆ ಹೊರಡಿ. ಮಾಪ್‌ಗಳನ್ನು 72 ಗಂಟೆ ಮೀರಿ ಒಳಗೆ ಬಿಟ್ಟರೆ ಕೀವಿನ ಭಯ. ಇದಕ್ಕೆ ಮೊದಲೇ ಓಡಬೇಕಾದ ಸಂದರ್ಭಗಳೂ ಇವೆ: ರಕ್ತ ಕೊಟ್ಟಷ್ಟೂ ಸೋರುತ್ತಿರುವುದು, ಒತ್ತಡ ಇಳಿಯದಿರುವುದು, ಏನು ಮಾಡಿದರೂ ಲ್ಯಾಕ್ಟೇಟ್ ಏರುತ್ತಿರುವುದು. ಕೊನೆಯದರಲ್ಲಿ ಒಳಗೆ ಎಲ್ಲೋ ಕರುಳು ಕಪ್ಪಾಗುತ್ತಿರಬಹುದು.

ಒಳಗೆ ಹೋದ ಮೇಲೆ ಅವಸರ ಬೇಡ. ಹೆಪ್ಪುಗಟ್ಟಿದ ರಕ್ತ ತೆಗೆದು ಬೆಚ್ಚಗಿನ ಸಲೈನ್‌ನಲ್ಲಿ ತೊಳೆಯಿರಿ. ಯಕೃತ್ತಿನ ಮೇಲಿನ ಮಾಪ್‌ಗಳನ್ನು ಕೊನೆಗೆ ಮುಟ್ಟಿ. ಮೊದಲು ಧಾರಾಳವಾಗಿ ನೆನೆಸಿ, ಬಟ್ಟೆ ತಾನಾಗಿ ಬಿಡುವವರೆಗೆ ಕಾದು, ಇಂಚು ಇಂಚಾಗಿ ತೆಗೆಯಿರಿ. ಒಣ ಮಾಪ್ ಎಳೆದರೆ ಹೆಪ್ಪೂ ಕಿತ್ತು ಬರುತ್ತದೆ, ಮೊದಲ ರಾತ್ರಿ ಮತ್ತೆ ಶುರು. ಮತ್ತೆ ರಕ್ತ ಬಂದರೆ ಮತ್ತೆ ಒತ್ತಿ ಹೊರಬರುವುದಕ್ಕೆ ಸಂಕೋಚ ಬೇಡ. ತೆಗೆದ ಪ್ರತಿ ಮಾಪ್ ಎಣಿಸಿ. ಕೊನೆಯ ಬಾರಿ ಹೊಟ್ಟೆ ಮುಚ್ಚುವ ಮೊದಲು, ಎಣಿಕೆ ಸರಿ ಇದ್ದರೂ ಒಂದು ಎಕ್ಸ್‌ರೇ ತೆಗೆಸಿ.

ನಂತರ ಇಡೀ ಕರುಳನ್ನು ಮೇಲಿಂದ ಕೆಳಗಿನವರೆಗೆ ಬೆರಳಲ್ಲಿ ಓಡಿಸಿ ನೋಡಿ. ಮೊದಲ ರಾತ್ರಿ ತಪ್ಪಿಹೋದ ಗಾಯ ಈಗ ಸಿಗುತ್ತದೆ. ಬಿಪಿ ಏರಿಸುವ ಔಷಧಿ ಜೋರಾಗಿ ಓಡುತ್ತಿದ್ದರೆ, ಕರುಳು ಊದಿ ನೀರು ತುಂಬಿಕೊಂಡಿದ್ದರೆ ಜೋಡಣೆ ಬೇಡ, ಮುಂದಿನ ಸಲಕ್ಕೆ ಬಿಡಿ ಅಥವಾ ಸ್ಟೋಮಾ (ಕರುಳಿನ ಬಾಯಿಯನ್ನು ಚರ್ಮದ ಮೇಲೆ ತರುವುದು) ಮಾಡಿ. ಸ್ಟೋಮಾ ಗಾಯದ ಅಂಚಿನಿಂದ ದೂರ ಇರಲಿ, ಇಲ್ಲವಾದರೆ ಡ್ರೇಪ್ ಅಂಟುವುದಿಲ್ಲ. ಜೋಡಿಸಿದರೆ ಆ ಜಾಗವನ್ನು ಬೇರೆ ಕರುಳಿನ ಕುಣಿಕೆಗಳ ಅಡಿಗೆ, ಒಮೆಂಟಮ್ ಕೆಳಗೆ ಮುಚ್ಚಿಡಿ. ಹೊದಿಕೆಯ ಕೆಳಗೆ ನೇರವಾಗಿ ಹೊಲಿಗೆ ಕಾಣುತ್ತಿದ್ದರೆ ಅದು ಸೋರುವ ದಿನ ದೂರವಿಲ್ಲ.

ಐದನೇ ಹೆಜ್ಜೆ: ಮುಚ್ಚುವುದು

ಎಂಟನೇ ದಿನದೊಳಗೆ ಫ್ಯಾಸಿಯಾ ಮುಚ್ಚಲು ಪಟ್ಟು ಹಿಡಿಯಿರಿ. ಅದಾದ ಮೇಲೆ ಕರುಳು ಒಂದಕ್ಕೊಂದು, ಆಮೇಲೆ ಗೋಡೆಗೆ ಅಂಟುತ್ತಾ ಹೋಗುತ್ತದೆ, ತೊಡಕುಗಳೂ ಏರುತ್ತವೆ. ಪ್ರತಿ ಸಲ ಹೊರಬರುವಾಗ ಹೊಟ್ಟೆಯ ಸ್ಥಿತಿಯನ್ನು ಬ್ಯೋರ್ಕ್ ವರ್ಗೀಕರಣದಲ್ಲಿ ಬರೆಯುವ ಅಭ್ಯಾಸ ಮಾಡಿಕೊಳ್ಳಿ. ಅಂಟಿಕೊಂಡಿಲ್ಲದಿದ್ದರೆ 1, ಅಂಟಲು ಶುರುವಾಗಿದ್ದರೆ 2, ಕರುಳೂ ಗೋಡೆಯೂ ಒಂದೇ ಗಟ್ಟಿಯಾಗಿ ಅಂಟಿ ಪೂರ್ತಿ ಹೆಪ್ಪುಗಟ್ಟಿದಂತಾಗಿದ್ದರೆ 3, ಹಾಗೆ ಹೆಪ್ಪುಗಟ್ಟಿದ್ದರ ಮೇಲೆ ಕರುಳೇ ಗಾಯಕ್ಕೆ ಬಾಯ್ದೆರೆದಿದ್ದರೆ 4. ಶುದ್ಧವಾಗಿದ್ದರೆ ಎ, ಕಲುಷಿತವಾಗಿದ್ದರೆ ಬಿ, ಕರುಳಿನ ರಸ ಸೋರುತ್ತಿದ್ದರೆ ಸಿ. ನೆನ್ನೆ 1ಎ ಇದ್ದದ್ದು ಇವತ್ತು 2ಬಿ ಆಗಿದ್ದರೆ ಕೇಸ್ ಶೀಟ್ ತೆರೆದವರಿಗೆಲ್ಲ ತಿಳಿಯುತ್ತದೆ.

ಎರಡನೇ ಸಲವೇ ಮುಚ್ಚುವಂತಿದ್ದರೆ ಮುಚ್ಚಿ. ಅಂಚುಗಳನ್ನು ನಡುವಿಗೆ ತಂದು ಹಿಡಿದು ಅನಸ್ತೀಷಿಯಾದವರನ್ನು ಕೇಳಿ, 'ಏರ್‌ವೇ ಪ್ರೆಷರ್ ಎಷ್ಟಾಯ್ತು?' ಹತ್ತು ಸೆಂಟಿಮೀಟರ್‌ನಷ್ಟು ಏರಿದರೆ ಇವತ್ತು ಬೇಡ. ಏರದಿದ್ದರೆ ನಿಧಾನವಾಗಿ ಕರಗುವ ದಾರದಲ್ಲಿ, ಸಣ್ಣ ಸಣ್ಣ ಹೊಲಿಗೆಯಲ್ಲಿ, ಗಾಯದ ಉದ್ದದ ನಾಲ್ಕರಷ್ಟಾದರೂ ದಾರ ಬಳಕೆಯಾಗುವಂತೆ ಹೊಲಿಯಿರಿ. ಒಳಗೆ ಕೊಳೆ ಇದ್ದಲ್ಲಿ ಚರ್ಮ ತೆರೆದೇ ಇರಲಿ. ಐಸಿಯುಗೆ ಹೋದ ಮೇಲೂ ಮೂತ್ರಕೋಶದ ಒತ್ತಡ ಅಳೆಯುತ್ತಿರಿ.

ಮುಚ್ಚದಿದ್ದರೆ ಬರೀ ವ್ಯಾಕ್ಯೂಮ್ ಮೇಲೆ ನಂಬಿಕೆ ಇಟ್ಟು ಕೂರಬೇಡಿ. ಹೊಟ್ಟೆಯ ಪಕ್ಕದ ಸ್ನಾಯುಗಳು ಅಂಚುಗಳನ್ನು ಹಗಲೂ ರಾತ್ರಿ ಹೊರಕ್ಕೆ ಎಳೆಯುತ್ತಿರುತ್ತವೆ. ನಾವು ಒಳಕ್ಕೆ ಎಳೆಯಬೇಕು. ಸ್ವೀಡನ್‌ನ ಮಾಲ್ಮೊದ ಸರ್ಜನ್‌ಗಳು 2007ರಲ್ಲಿ ವಿವರಿಸಿದ ಮೆಶ್ ವಿಧಾನ ನಮ್ಮ ಕಡೆಯ ಸಾಮಾನಿನಲ್ಲೂ ಸಾಧ್ಯ. ಕರುಳಿನ ಮೇಲೆ ಪ್ಲಾಸ್ಟಿಕ್ ಯಥಾಪ್ರಕಾರ ಪಕ್ಕೆಯ ಆಳದವರೆಗೆ. ಪ್ರೋಲೀನ್ ಮೆಶ್ ಅನ್ನು ಎರಡು ಭಾಗ ಮಾಡಿ ಒಂದೊಂದು ಭಾಗವನ್ನು ಒಂದೊಂದು ಫ್ಯಾಸಿಯಾ ಅಂಚಿಗೆ ಹೊಲಿಯಿರಿ. ಎರಡೂ ಭಾಗಗಳನ್ನು ನಡುವೆ ಬಿಗಿಯಾಗಿ ಎಳೆದು ಒಂದಕ್ಕೊಂದು ಹೊಲಿದು, ಮೇಲೆ ಸ್ಪಾಂಜ್ ಅಥವಾ ಟವೆಲ್, ಡ್ರೇಪ್, ಸಕ್ಷನ್. ಎರಡು ಮೂರು ದಿನಕ್ಕೊಮ್ಮೆ ನಡುವಿನ ಹೊಲಿಗೆ ಬಿಚ್ಚಿ, ತೊಳೆದು, ಪ್ಲಾಸ್ಟಿಕ್ ಬದಲಿಸಿ, ಮೆಶ್ ಇನ್ನಷ್ಟು ಎಳೆದು ಹೊಲಿಯಿರಿ. ಪ್ರತಿ ಸಲ ನಡುವಿನ ಅಂತರವನ್ನು ಸ್ಕೇಲಿನಲ್ಲಿ ಅಳೆದು ಬರೆಯಿರಿ: 14, 10, 7, 4. ಅಂಚುಗಳು ಕೂಡುವ ದಿನ ಮೆಶ್ ಕಿತ್ತು ಫ್ಯಾಸಿಯಾವನ್ನೇ ಹೊಲಿಯುವುದು. ಈ ಅಂಕಿಗಳು ಇಳಿಯುವುದನ್ನು ನೋಡಿದಾಗ ಆಗುವ ಸಮಾಧಾನ ಬೇರೆ ಯಾವ ರಿಪೋರ್ಟ್ ನೋಡಿದಾಗಲೂ ನನಗೆ ಆಗಿಲ್ಲ.

ಕರುಳು ಗಾಯಕ್ಕೇ ಬಾಯ್ದೆರೆದರೆ

ಎಲ್ಲರೂ ಹೆದರುವ ತೊಡಕು ಇದು. ಮೇಲೆ ಚರ್ಮವಿಲ್ಲ, ಸುತ್ತ ಮಾಂಸವಿಲ್ಲ, ತೂತು ತಾನಾಗಿ ಮುಚ್ಚುವ ಸಾಧ್ಯತೆ ತೀರಾ ಕಡಿಮೆ. ಮೊದಲು ಮನಸ್ಸಿಗೆ ಬರುವ ಎರಡು ಕೆಲಸ ಮಾಡಬೇಡಿ. ತೂತಿಗೆ ಹೊಲಿಗೆ ಹಾಕಲು ಹೋಗಬೇಡಿ, ಊದಿದ ಕರುಳಿನಲ್ಲಿ ಹೊಲಿಗೆ ಹರಿದು ತೂತು ದೊಡ್ಡದಾಗುತ್ತದೆ. ಫೋಲೀಸ್ ತೂರಿಸಿ ಬಲೂನ್ ಊದಿಸಬೇಡಿ, ಅದೂ ತೂತನ್ನು ಅಗಲ ಮಾಡುತ್ತದೆ.

ಮಾಡಬೇಕಾದದ್ದು ಆ ರಸವನ್ನು ಉಳಿದ ಗಾಯದಿಂದ ಬೇರೆ ಮಾಡುವುದು. ತೂತಿನ ಸುತ್ತ ಸ್ಪಾಂಜಿನಲ್ಲಿ ಕಿಂಡಿ ಮಾಡಿ, ಮಗುವಿನ ಹಾಲಿನ ಬಾಟಲಿಯ ನಿಪ್ಪಲ್ ಅನ್ನು ಸ್ಟೆರೈಲ್ ಮಾಡಿ ಅದರ ಮೇಲೆ ಕೂರಿಸಿ, ತುದಿ ಕತ್ತರಿಸಿ ಟ್ಯೂಬ್ ಅಥವಾ ಸ್ಟೋಮಾ ಬ್ಯಾಗ್‌ಗೆ ಜೋಡಿಸಿ, ಸುತ್ತಲೂ ಸ್ಟೋಮಾ ಪೇಸ್ಟ್ ಹಚ್ಚಿ, ಉಳಿದ ಗಾಯಕ್ಕೆ ಮಾತ್ರ ನೆಗೆಟಿವ್ ಪ್ರೆಷರ್ ಕೊಡುವುದು ಒಂದು ಉಪಾಯ. ಗಂಟೆಗಟ್ಟಲೆ ಹಿಡಿಯುವ ಕೆಲಸ, ಒಳ್ಳೆಯ ಸ್ಟೋಮಾ ಸಿಸ್ಟರ್ ಜತೆಗಿದ್ದರೆ ಅರ್ಧ ಗೆದ್ದಂತೆ. ಸೋಂಕು ಹತೋಟಿ, ಪೋಷಣೆ, ಸುತ್ತಲಿನ ಚರ್ಮದ ರಕ್ಷಣೆ, ಇವೇ ಮುಂದಿನ ತಿಂಗಳುಗಳ ಚಿಕಿತ್ಸೆ. ಸರಿಪಡಿಸುವ ಆಪರೇಷನ್ ಆರು ತಿಂಗಳಾದರೂ ಕಳೆದ ಮೇಲೆ.

ಮುಚ್ಚಲಾಗದೇ ಹೋದರೆ

ಎರಡು ಮೂರು ವಾರ ಕಳೆದು ಹೊಟ್ಟೆ ಹೆಪ್ಪುಗಟ್ಟಿದಂತಾಗಿದ್ದರೆ ಎಳೆದಾಟ ನಿಲ್ಲಿಸಿ. ಕರುಳಿನ ಮೇಲೆ ಕೆಂಪು ಮಾಂಸ ಬೆಳೆಯಲು ಬಿಟ್ಟು, ಬೇಕಾದರೆ ಕರಗುವ ವೈಕ್ರಿಲ್ ಮೆಶ್ ಹೊದಿಸಿ, ಅದರ ಮೇಲೆ ತೊಡೆಯ ಚರ್ಮದ ಕಸಿ ಮಾಡಿ. ಗಾಯ ಬೇಗ ಮುಚ್ಚಿದಷ್ಟೂ ಕರುಳು ತೂತಾಗುವ ಭಯ ಕಡಿಮೆ. ರೋಗಿ ದೊಡ್ಡ ಹರ್ನಿಯಾ ಜತೆ ಮನೆಗೆ ಹೋಗುತ್ತಾನೆ. ಹಾಗೆ ಆಗುತ್ತದೆಂದು ಅವನಿಗೂ ಮನೆಯವರಿಗೂ ಮುಂಚೆಯೇ ಬಿಡಿಸಿ ಹೇಳಿ, ಹೊಟ್ಟೆಗೆ ಬೆಲ್ಟ್ ಅಳತೆ ಮಾಡಿ ಕೊಡಿಸಿ. ಮೂಟೆ ಹೊರುವುದು ಬೇಡ, ಕಸಿಯ ಮೇಲೆ ದಿನಾ ಕೊಬ್ಬರಿ ಎಣ್ಣೆ ಹಚ್ಚಲಿ, ಬಿಸಿಲು ಮತ್ತು ಗೀರು ಬೀಳದಂತೆ ಮೆತ್ತನೆ ಬಟ್ಟೆ ಇರಲಿ.

ಎರಡು ತಿಂಗಳಿಗೊಮ್ಮೆ ಓಪಿಡಿಗೆ ಬಂದಾಗ ಕಸಿಯ ಚರ್ಮವನ್ನು ಎರಡು ಬೆರಳಲ್ಲಿ ಚಿವುಟಿ ಎತ್ತಿ ನೋಡಿ. ಮೊದಮೊದಲು ಅದು ಕರುಳಿಗೆ ಅಂಟಿಕೊಂಡು ಎದ್ದು ಬರುವುದಿಲ್ಲ. ಆರು ತಿಂಗಳಿಂದ ಒಂದು ವರ್ಷದೊಳಗೆ ಯಾವುದೋ ಒಂದು ಭೇಟಿಯಲ್ಲಿ ಅದು ಬೆರಳುಗಳ ನಡುವೆ ಸಲೀಸಾಗಿ ಮಡಚಿಕೊಂಡು ಮೇಲೆ ಬರುತ್ತದೆ. ಅವತ್ತು ಸಿಟಿ ಸ್ಕ್ಯಾನ್‌ಗೆ ಬರೆದು, ಹೊಟ್ಟೆಗೋಡೆ ಕಟ್ಟುವ ಆಪರೇಷನ್‌ಗೆ ದಿನ ಕೊಡಿ.